ಪನ್ಹಾಳ ನನಗೆ ಹಿಡಿಸಲಿಲ್ಲ

ಕೊಲ್ಲಾಪುರದ ಕಡೆ ಹೋಗಿ ಬಂದೆ ಎಂದು ಯಾರಿಗೆ ಹೇಳಿದರೂ ಅವರು ಮೊದಲು ಕೇಳುವುದು ಒಂದೇ ಮಾತು: "ಪನ್ಹಾಳ ನೋಡಿದಿರಾ?" ಬೆಳಗಾವಿ, ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮ್ಮ ಜನರಿಗೆ ಪನ್ಹಾಳವೆಂದರೆ ಮನೆಯ ಹಿತ್ತಲಿನ ಗಿರಿಧಾಮ. ಶಾಲೆಯ ಪ್ರವಾಸ, ಮದುವೆಯಾದ ಹೊಸದರಲ್ಲಿ ಜೋಡಿಯ ಪ್ರವಾಸ, ನೆಂಟರು ಬಂದರೆ ಒಂದು ದಿನದ ಪ್ರವಾಸ, ಎಲ್ಲವೂ ಅಲ್ಲಿಗೇ. ಕೊಲ್ಲಾಪುರದಿಂದ ಬರೀ 20 ಕಿಲೋಮೀಟರ್, ಸಮುದ್ರ ಮಟ್ಟದಿಂದ ಸುಮಾರು 3,100 ಅಡಿ ಎತ್ತರ, ತಂಪು ಗಾಳಿ, ಕೋಟೆ, ಬಿಸಿ ಬಿಸಿ ಝುಣಕಾ ಭಾಕ್ರಿ. ಮತ್ತೇನು ಬೇಕು? 2025ರ ಜುಲೈ ತಿಂಗಳಲ್ಲಿ ಯುನೆಸ್ಕೊ ಸಂಸ್ಥೆಯು ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ರಾಯಗಡ, ಪ್ರತಾಪಗಡ, ಸಿಂಧುದುರ್ಗ, ದೂರದ ತಮಿಳುನಾಡಿನ ಜಿಂಜಿಗಳ ಜೊತೆ ಪನ್ಹಾಳದ ಹೆಸರೂ ಬಂತು. ಅಂದ ಮೇಲೆ ಅದನ್ನು ಮೆಚ್ಚದವನು ಇದ್ದಾನೆಯೇ?

ಇದ್ದಾನೆ. ಈ ಲೇಖನ ಬರೆಯುತ್ತಿರುವವನೇ ಅವನು. ಎಲ್ಲರೂ ಹೊಗಳುವ ಜಾಗವನ್ನು ತನಗೆ ಹಿಡಿಸಲಿಲ್ಲ ಎನ್ನುವವನನ್ನು ಜನ ಒಂದು ರೀತಿ ನೋಡುತ್ತಾರೆ, ಹಬ್ಬದ ಊಟದಲ್ಲಿ ಪಾಯಸ ಬೇಡವೆಂದವನನ್ನು ನೋಡುವ ಹಾಗೆ. ಆದರೂ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಕ್ರಿಸ್ಮಸ್ ಮುಗಿದ ಮೇಲಿನ ಬಿಡುವಿನಲ್ಲಿ ನಾನು ಹೋಗಿದ್ದು ಕಾಗಲ ತಾಲೂಕಿನ ಸುಳಕೂಡಕ್ಕೆ. ನನಗೆ ಬಹಳ ವರ್ಷಗಳಿಂದ ಪರಿಚಯವಿರುವ ಒಂದು ಕುಟುಂಬ ಅಲ್ಲಿದೆ. ಮನೆಯ ಯಜಮಾನ ಇಚಲಕರಂಜಿಯ ವಿದ್ಯುತ್ ಮಗ್ಗದ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ನಮ್ಮ ಉತ್ತರ ಕರ್ನಾಟಕದಿಂದ ಆ ನೇಕಾರರ ಪಟ್ಟಣಕ್ಕೆ ಕೆಲಸ ಹುಡುಕಿಕೊಂಡು ಹೋದವರು ಎಷ್ಟೋ ಮಂದಿ. ಇವರು ಪಟ್ಟಣದ ಬಾಡಿಗೆ ಭಾರವಾಗಿ ಹಳ್ಳಿಯಲ್ಲಿ ಮನೆ ಮಾಡಿದವರು. ಮನೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಅಜ್ಜಿ ಮಾತ್ರ ಶುದ್ಧ ಕನ್ನಡ, ಅದೂ ಬಯ್ಯುವಾಗ ಇನ್ನೂ ಶುದ್ಧ.

ಸುಳಕೂಡ ದೂಧಗಂಗಾ ನದಿಯ ದಂಡೆಯ ಊರು. ಸಹ್ಯಾದ್ರಿಯಲ್ಲಿ ಹುಟ್ಟಿ, ಕಾಳಮ್ಮವಾಡಿಯ ಅಣೆಕಟ್ಟನ್ನು ದಾಟಿ, ಕಬ್ಬಿನ ಗದ್ದೆಗಳ ನಡುವೆ ಹರಿದು, ಗಡಿ ದಾಟಿ ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಕೃಷ್ಣೆಯನ್ನು ಸೇರುವ ನದಿ ಅದು. ನೀರಿನ ವಿಷಯ ಬಂದರೆ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಪಂಚಗಂಗಾ ನದಿ ಕೊಳಕಾಗಿ ಇಚಲಕರಂಜಿಯ ನಲ್ಲಿಗಳಲ್ಲಿ ಕೆಲವು ದಿನಗಳಿಗೊಮ್ಮೆ ಮಾತ್ರ ನೀರು ಬರುವ ಪರಿಸ್ಥಿತಿ. ಸುಳಕೂಡದಿಂದ ದೂಧಗಂಗೆಯ ನೀರನ್ನು ಕೊಳವೆಯಲ್ಲಿ ಒಯ್ಯಬೇಕೆಂದು ಪಟ್ಟಣದವರ ಬೇಡಿಕೆ. ನಮ್ಮ ಹೊಲಕ್ಕೆ ನೀರು ಉಳಿಯುವುದಿಲ್ಲ ಎಂದು ನದಿ ದಂಡೆಯ ರೈತರ ವಿರೋಧ. ನನ್ನ ಆತಿಥೇಯರು ಎರಡೂ ಕಡೆಯವರು: ದುಡಿಯುವುದು ನೀರಿಲ್ಲದ ಪಟ್ಟಣದಲ್ಲಿ, ಮಲಗುವುದು ನೀರಿರುವ ಹಳ್ಳಿಯಲ್ಲಿ. "ನಮ್ಮ ಮನ್ಯಾಗ ಈ ಮಾತು ತಗ್ಯೂದಿಲ್ರಿ ಫಾದರ್" ಎಂದು ನಕ್ಕರು.

ಎರಡನೆಯ ದಿನ ಸಂಜೆ ನದಿಯ ದಂಡೆಗೆ ಹೋಗಿ ಬರೋಣವೇ ಎಂದು ನಾನು ಕೇಳಿದೆ. ಅವರಿಗೆ ಅದು ವಿಚಿತ್ರವಾಗಿ ಕಂಡಿತು. "ಹೊಳಿ ಏನ್ ನೋಡ್ತೀರಿ? ನಾಳೆ ಪನ್ಹಾಳಕ್ಕ ಹೋಗೂಣು. ಅದನ್ನ ನೋಡ್ಲಿಲ್ಲಂದ್ರ ನೀವು ಇಲ್ಲಿಗೆ ಬಂದದ್ದ ಸುಳ್ಳು!" ಎಂದರು ಮನೆಯಾಕೆ. ಮರುದಿನ ಬೆಳಿಗ್ಗೆ ನೆರೆಯವರ ಟೆಂಪೊ ಬಂದು ನಿಂತಿತು. ಅಜ್ಜಿಯೂ ಹತ್ತಿದರು.

ನಾನು ಬಹಳ ಆಸೆಯಿಂದಲೇ ಹೊರಟಿದ್ದೆ ಎಂಬುದನ್ನು ಹೇಳಬೇಕು. ಅದಕ್ಕೆ ಕಾರಣವೂ ಇತ್ತು. ಪನ್ಹಾಳದ ಕೋಟೆಯನ್ನು ಕಟ್ಟಿಸಿದವನು ಶಿಲಾಹಾರ ವಂಶದ ಎರಡನೆಯ ಭೋಜ, 1178ರಿಂದ 1209ರ ನಡುವೆ. ಕೊಲ್ಲಾಪುರದಲ್ಲಿ ಆಳಿದ ಈ ಶಿಲಾಹಾರರ ಶಾಸನಗಳು ಬಹಳಷ್ಟು ಕನ್ನಡದಲ್ಲಿವೆ. ಭೋಜನ ತಂದೆ ವಿಜಯಾದಿತ್ಯನ ಆಡಳಿತದಲ್ಲಿ, ಅವನ ಮಂತ್ರಿಯ ಆಶ್ರಯದಲ್ಲಿ, ಕರ್ಣಪಾರ್ಯನೆಂಬ ಕವಿ ಕನ್ನಡದಲ್ಲಿ ನೇಮಿನಾಥ ಪುರಾಣ ಬರೆದ. ಇಂದು ಅಲ್ಲಿ ಅಂಗಡಿಯ ಫಲಕಗಳೆಲ್ಲ ಮರಾಠಿ. ಆದರೆ ಆ ಗುಡ್ಡದ ಮೇಲೆ ಮೊದಲ ಕಲ್ಲು ಇಟ್ಟ ಅರಸನ ಆಸ್ಥಾನಕ್ಕೆ ನಮ್ಮ ನುಡಿ ಪರಕೀಯವಾಗಿರಲಿಲ್ಲ. ಶಿಲಾಹಾರರ ನಂತರ ದೇವಗಿರಿಯ ಯಾದವರು, ಬಹಮನಿಗಳು, ಆಮೇಲೆ ನಮ್ಮ ವಿಜಾಪುರದ ಆದಿಲಶಾಹಿಗಳು ಅದನ್ನು ಆಳಿದರು.

ಆದರೆ ಪನ್ಹಾಳದ ಹೆಸರು ಮನೆಮಾತಾದದ್ದು 1660ರಲ್ಲಿ. ಅಫಜಲಖಾನನ ವಧೆಯಾದ ಮೇಲೆ ಶಿವಾಜಿ ಮಹಾರಾಜರು ಈ ಕೋಟೆಯನ್ನು ಹಿಡಿದಿದ್ದರು. ಆದಿಲಶಾಹಿಯ ಸರದಾರ ಸಿದ್ದಿ ಜೌಹರ ದೊಡ್ಡ ಸೈನ್ಯದೊಂದಿಗೆ ಬಂದು ಮಾರ್ಚ್ ತಿಂಗಳಿಂದ ಮುತ್ತಿಗೆ ಹಾಕಿದ. ಮಳೆಗಾಲ ಬಂದರೂ ಮುತ್ತಿಗೆ ಸಡಿಲಲಿಲ್ಲ. ಜುಲೈ 13ರ ರಾತ್ರಿ, ಸುರಿಯುವ ಮಳೆಯಲ್ಲಿ, ಎರಡು ಪಲ್ಲಕ್ಕಿಗಳು ಹೊರಟವು. ಒಂದರಲ್ಲಿ ಮಹಾರಾಜರು, ಇನ್ನೊಂದರಲ್ಲಿ ಅವರನ್ನೇ ಹೋಲುತ್ತಿದ್ದ ಶಿವಾ ಕಾಶೀದ ಎಂಬ ಕ್ಷೌರಿಕ. ಶಿವಾ ಕಾಶೀದ ಸಿಕ್ಕಿಬಿದ್ದು ಪ್ರಾಣ ಕೊಟ್ಟ. ಮಹಾರಾಜರು ವಿಶಾಲಗಡ ತಲುಪಿ ತೋಪಿನ ಸದ್ದು ಕೇಳಿಸುವವರೆಗೆ ಬಾಜಿ ಪ್ರಭು ದೇಶಪಾಂಡೆ ಇಕ್ಕಟ್ಟಾದ ಕಣಿವೆಯೊಂದರಲ್ಲಿ ಶತ್ರುಗಳನ್ನು ತಡೆದು ನಿಂತು ಸತ್ತ. ಅದೇ ಪಾವನಖಿಂಡಿ. ಮಹಾರಾಷ್ಟ್ರದ ಮಕ್ಕಳು ಇದನ್ನು ಪ್ರಾಥಮಿಕ ಶಾಲೆಯಲ್ಲೇ ಓದುತ್ತಾರೆ. 2022ರಲ್ಲಿ ಇದೇ ಹೆಸರಿನ ಮರಾಠಿ ಚಲನಚಿತ್ರವೂ ಬಂತು. ಟೆಂಪೊದಲ್ಲಿ ಈ ಕಥೆಯನ್ನು ನನಗೆ ಹೇಳಿದವನು ಮನೆಯ ಮಗ, ಹದಿನೇಳು ವರ್ಷದ ಹುಡುಗ. ಕಾಗಲದಲ್ಲಿ ಶುರು ಮಾಡಿದವನು ಕೊಲ್ಲಾಪುರ ದಾಟಿ ಪಂಚಗಂಗೆಯ ಸೇತುವೆಯ ಮೇಲೆ ಬರುವಾಗ ಶಿವಾ ಕಾಶೀದನನ್ನು ಕೊಂದ. ನನಗೂ ಕಣ್ಣು ಒದ್ದೆಯಾಯಿತು.

ಸಿದ್ದಿ ಜೌಹರನ ಸೈನ್ಯ ನಾಲ್ಕು ತಿಂಗಳು ಕಾದರೂ ನುಗ್ಗಲಾಗದ ಕೋಟೆಯೊಳಗೆ ನಮ್ಮ ಟೆಂಪೊ ನಲವತ್ತು ನಿಮಿಷದಲ್ಲಿ ನುಗ್ಗಿತು. ನಲವತ್ತು ನಿಮಿಷ ಹಿಡಿದದ್ದೂ ಮುಂದೆ ಇದ್ದ ವಾಹನಗಳ ಸಾಲಿನಿಂದ. ವಾಹನಗಳು ಒಳಗೆ ಹೋಗುವ ಕಡೆ ಹಿಂದೆ ಚಾರ್ ದರವಾಜಾ ಎಂಬ ಹೆಬ್ಬಾಗಿಲು ಇತ್ತು. 1844ರ ದಂಗೆಯ ಕಾಲದಲ್ಲಿ ಬ್ರಿಟಿಷರು ಅದನ್ನು ಕೆಡವಿದರು. ಈಗ ಅಲ್ಲಿ ಹಣ ಕೊಟ್ಟು ಚೀಟಿ ಪಡೆಯಬೇಕು. ಒಳಗೆ ಹೋದರೆ ಕೋಟೆ ಎಲ್ಲಿದೆ ಎಂದು ಹುಡುಕಬೇಕು! ಲಾಡ್ಜುಗಳು, ಬಂಗಲೆಗಳು, ಐಸ್‌ಕ್ರೀಮ್, ಕುದುರೆ ಸವಾರಿ, ಆಟಿಕೆಯ ಬಿಲ್ಲು ಬಾಣ, ಪ್ಲಾಸ್ಟಿಕ್ ಕತ್ತಿ. ಒಂದೊಂದು ಕಾರಿನಿಂದ ಒಂದೊಂದು ಹಾಡು. ಮೂರು ಬಾಗಿಲುಗಳ ತೀನ್ ದರವಾಜಾ ಎಂಬ ಸುಂದರ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸರದಿ. ಬಾಗಿಲಿನ ಮೇಲಿನ ಕೆತ್ತನೆ ನೋಡಲು ನಿಂತ ನನಗೆ, "ಅಂಕಲ್, ಜರಾ ಬಾಜೂಲಾ" ಎಂದು ಒಬ್ಬ ತರುಣ ಹೇಳಿದ. ಸರಿದು ನಿಂತೆ. ಇನ್ನೊಬ್ಬಳು ಹೇಳಿದಳು. ಮತ್ತೆ ಸರಿದೆ. ಹೀಗೆ ಸರಿಯುತ್ತಾ ಸರಿಯುತ್ತಾ ತೀನ್ ದರವಾಜಾದ ಹೊರಗೇ ಬಂದುಬಿಟ್ಟೆ.

ಗಲಾಟೆ ನನಗೆ ಹೊಸದಲ್ಲ. ಜಾತ್ರೆಯಲ್ಲಿ ಗಲಾಟೆ ಇರಬೇಕು, ಅದು ಜಾತ್ರೆಯ ಸೊಗಸು. ನನ್ನ ಮನಸ್ಸು ಮುರಿದದ್ದು ಅಂಧಾರ ಬಾವಡಿಯಲ್ಲಿ.

ಅಂಧಾರ ಬಾವಡಿ ಎಂದರೆ ಕತ್ತಲೆಯ ಬಾವಿ. ಹೊರಗಿನಿಂದ ನೋಡಿದರೆ ಒಂದು ಮಾಮೂಲು ಕಟ್ಟಡ. ಒಳಗೆ ಮೂರು ಅಂತಸ್ತು. ಎಲ್ಲಕ್ಕಿಂತ ಕೆಳಗೆ ನೀರು, ಅದರ ಮೇಲಿನ ಅಂತಸ್ತಿನಿಂದ ಕೋಟೆಯ ಹೊರಕ್ಕೆ ಹೋಗುವ ಗುಪ್ತ ದಾರಿ, ಕಾವಲಿನವರು ನಿಲ್ಲಲು ಗೂಡುಗಳು. ಮುತ್ತಿಗೆ ಹಾಕಿದ ಶತ್ರು ಮೊದಲು ಮಾಡುವ ಕೆಲಸ ಬಾವಿಗೆ ವಿಷ ಹಾಕುವುದು. ಆದ್ದರಿಂದ ನೀರನ್ನೇ ಕೋಟೆಯೊಳಗಿನ ಇನ್ನೊಂದು ಕೋಟೆಯಲ್ಲಿ ಬಚ್ಚಿಟ್ಟಿದ್ದಾರೆ. ಎಂಥ ಮುಂದಾಲೋಚನೆ! ಮೆಟ್ಟಿಲು ಇಳಿಯುತ್ತಿದ್ದಂತೆ ಮೂಗು ಮುಚ್ಚಿಕೊಳ್ಳಬೇಕಾಯಿತು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಯ ತುಂಬ ಬಾಣ ಚುಚ್ಚಿದ ಹೃದಯಗಳು, ಹೆಸರುಗಳು, ತಾರೀಖುಗಳು, ಮೊಳೆಯಿಂದ ಕೆತ್ತಿದವು. ಕೆಳಗಿನ ನೀರಿನಲ್ಲಿ ಖಾಲಿ ಬಾಟಲಿಗಳು ತೇಲುತ್ತಿದ್ದವು. ವಿಷ ಹಾಕಲು ಶತ್ರುವಿಗೆ ಆಗಲಿಲ್ಲ. ಬಾಟಲಿ ಹಾಕಲು ನಮ್ಮವರಿಗೆ ಆಯಿತು. ಹಿಂದಿನ ಸಂಜೆ ತಾನೆ ನೀರಿಗಾಗಿ ಊರು ಊರುಗಳು ಮುನಿಸಿಕೊಂಡ ಕಥೆ ಕೇಳಿ ಬಂದವನಿಗೆ ಆ ಬಾವಿಯ ಮುಂದೆ ನಿಲ್ಲುವುದು ಕಷ್ಟವಾಯಿತು.

ಅಂಬರಖಾನೆ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಕೋಟೆಯ ಧಾನ್ಯದ ಕಣಜ. ಗಂಗಾ, ಯಮುನಾ, ಸರಸ್ವತಿ ಎಂದು ಮೂರು ಕೋಠಿಗಳು. ಗಂಗಾ ಕೋಠಿಯೊಂದರಲ್ಲೇ 25,000 ಖಂಡಿ ಧಾನ್ಯ ಹಿಡಿಯುತ್ತಿತ್ತು ಎಂದು ಹೇಳುತ್ತಾರೆ. ಹೊರಗಿನಿಂದ ಎರಡೂ ಕಡೆ ಮೆಟ್ಟಿಲು. ಚೀಲ ಹೊತ್ತವನು ಮೇಲೆ ಹತ್ತಿ, ಛಾವಣಿಯ ರಂಧ್ರದಿಂದ ಧಾನ್ಯವನ್ನು ಒಳಕ್ಕೆ ಸುರಿಯಬೇಕು. ಒಳಗೆ ಹೋಗಿ ತಲೆ ಎತ್ತಿದರೆ ಆ ರಂಧ್ರಗಳಿಂದ ಬೆಳಕು ಕೋಲಿನಂತೆ ಇಳಿದಿತ್ತು. ದಪ್ಪ ಗೋಡೆ, ತಂಪು. ಗಡದ್ದಾಗಿ ಊಟ ಮಾಡಿ ಮಲಗಿದ ಮನುಷ್ಯನ ಹಾಗೆ ಆ ಕಟ್ಟಡ ಸಮಾಧಾನದಿಂದ ಇತ್ತು. ಅಜ್ಜಿ ಗೋಡೆಗೆ ಕೈ ಇಟ್ಟು, "ಎಷ್ಟ ಮಂದಿ ಹೊಟ್ಟಿ ತುಂಬಿಸಿತ್ತೋ ಏನೋ" ಎಂದರು. ಅಷ್ಟರಲ್ಲಿ ಒಂದು ಶಾಲೆಯ ಮಕ್ಕಳು ಬಂದು ಕೂಗು ಹಾಕಿ ಪ್ರತಿಧ್ವನಿ ಪರೀಕ್ಷಿಸಿದರು. ಮಕ್ಕಳು ಕೂಗಬಾರದೇ? ಕೂಗಲಿ. ಜೊತೆಗಿದ್ದ ಶಿಕ್ಷಕರೂ ಕೂಗಿದ್ದು ಸ್ವಲ್ಪ ಹೆಚ್ಚಾಯಿತು.

ಸಜ್ಜಾ ಕೋಠಿಯ ಮೇಲಿನಿಂದ ಕಣಿವೆ ಚೆನ್ನಾಗಿ ಕಾಣುತ್ತದೆ. 1680ರಲ್ಲಿ ಶಿವಾಜಿ ಮಹಾರಾಜರು ರಾಯಗಡದಲ್ಲಿ ತೀರಿಕೊಂಡಾಗ ಮಗ ಸಂಭಾಜಿ ಇದೇ ಪನ್ಹಾಳದಲ್ಲಿದ್ದರು. ತಂದೆಯ ಕೊನೆಗಾಲಕ್ಕೆ ಮಗ ಹತ್ತಿರವಿರಲಿಲ್ಲ. ಅದನ್ನು ನೆನೆದು ಕಣಿವೆಯನ್ನು ನೋಡುತ್ತಾ ಒಂದು ಗಳಿಗೆ ನಿಲ್ಲಬೇಕೆಂದರೆ ಹಿಂದಿನಿಂದ ಸ್ಪೀಕರ್. ಕೆಳಗಿಳಿದೆ.

ಊಟದ ಸಮಯವಾಗಿತ್ತು. ಮರದ ಕೆಳಗೆ ಒಲೆ ಹೂಡಿಕೊಂಡು ಕುಳಿತ ಹೆಂಗಸೊಬ್ಬಳ ಬಳಿ ಝುಣಕಾ ಭಾಕ್ರಿ ತೆಗೆದುಕೊಂಡೆವು. ನಮ್ಮ ಕಡೆಯ ರೊಟ್ಟಿ ಜುಣಕದ ತಂಗಿಯೇ ಅದು. ಜೊತೆಗೆ ಹಸಿಮೆಣಸಿನಕಾಯಿಯ ಖರ್ಡಾ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ರುಚಿಗೆ ಎರಡು ಮಾತಿಲ್ಲ. ಜನ ಇಷ್ಟು ಬಂದರೆ ನಿಮಗೆ ತೊಂದರೆಯಾಗುವುದಿಲ್ಲವೇ ಮಾವಶಿ ಎಂದು ಕೇಳಿದೆ. ಆಕೆ ಭಾಕ್ರಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. 2021ರ ಜುಲೈ ತಿಂಗಳ ಮಳೆಯಲ್ಲಿ ಕೋಟೆಗೆ ಬರುವ ಮುಖ್ಯ ರಸ್ತೆಯೇ ಕುಸಿದು ಹೋಗಿತ್ತು. ಹಲವು ತಿಂಗಳು ವಾಹನಗಳು ಬರಲಿಲ್ಲ. "ಆಗ ಬಂದಿದ್ದರೆ ನೀವು ಬಯಸುವ ಶಾಂತಿ ಸಿಗುತ್ತಿತ್ತು. ನಮ್ಮ ಒಲೆಯೂ ಶಾಂತವಾಗಿಯೇ ಇತ್ತು" ಎಂದಳು. ಕೊರೊನಾದ ಹೊಡೆತದ ಮೇಲೆ ಅದು ಎರಡನೆಯ ಹೊಡೆತ. ಆಕೆಯ ಮನೆ ಗುಡ್ಡದ ಕೆಳಗಿನ ವಾಡಿಯಲ್ಲಿ. ಬೆಳಿಗ್ಗೆ ಕಟ್ಟಿಗೆ, ಹಿಟ್ಟು, ಮೊಸರಿನ ಕುಡಿಕೆ ಹೊತ್ತು ಮೇಲೆ ಬರುತ್ತಾಳೆ. ಕೋಟೆಯೊಳಗೆ ಮನೆ ಮಾಡಿಕೊಂಡವರಿಗೂ ಈಗ ಯುನೆಸ್ಕೊದ ಗೌರವ ಬಂದ ಮೇಲೆ ಕಟ್ಟಡ ವ್ಯಾಪಾರಗಳಿಗೆ ಏನೇನು ನಿರ್ಬಂಧ ಬರುವುದೋ ಎಂಬ ಚಿಂತೆಯಿದೆಯಂತೆ.

ಆಕೆಯ ಮಾತು ನ್ಯಾಯವಾದದ್ದು. ಪ್ರವಾಸಿಗರು ಬರಲೇಬಾರದು ಎನ್ನುವವನು ನಾನಲ್ಲ. ಆದರೆ ಆಕೆಯ ಒಲೆ ಉರಿಯಲು ಬಾವಿಯಲ್ಲಿ ಬಾಟಲಿ ತೇಲಲೇಬೇಕೆಂದೇನೂ ಇಲ್ಲ. ಗೋಡೆ ಕೆತ್ತಿದವನು ಆಕೆಯ ಬಳಿ ಒಂದು ಭಾಕ್ರಿ ಹೆಚ್ಚು ತಿಂದನೆಂದು ನನಗೆ ತೋರುವುದಿಲ್ಲ. ತನ್ನ ಜಾಗವನ್ನು ಆಕೆ ಮಧ್ಯಾಹ್ನಕ್ಕೆ ಎರಡು ಸಲ ಗುಡಿಸಿದ್ದನ್ನು ನಾನೇ ನೋಡಿದೆ.

ಮರಳುವಾಗ ಟೆಂಪೊದಲ್ಲಿ ಮನೆಯಾಕೆ ಕೇಳಿದರು: "ಹೆಂಗಿತ್ರಿ ಫಾದರ್, ನಮ್ಮ ಪನ್ಹಾಳ?" ಎಲ್ಲರೂ ನನ್ನ ಕಡೆ ತಿರುಗಿದರು. ರಜೆ ಹಾಕಿ, ಒಂದು ದಿನದ ಕೂಲಿ ಬಿಟ್ಟು, ಡೀಸೆಲ್ ಹಾಕಿಸಿ ಕರೆದೊಯ್ದವರು. ಇಂಥ ಕಡೆ ನಾವೆಲ್ಲ "ಬಹಳ ಚೆನ್ನಾಗಿತ್ತು" ಎಂದುಬಿಡುತ್ತೇವೆ. ನಾನು, "ಅಂಬರಖಾನೆ ಮರೆಯಲಾರೆ, ಭಾಕ್ರಿ ಮರೆಯಲಾರೆ. ಆದರೆ ಆ ಬಾವಿ ನೋಡಿ ಬೇಸರವಾಯಿತು. ಒಟ್ಟಿನಲ್ಲಿ ನನಗೆ ಹಿಡಿಸಲಿಲ್ಲ" ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಜಮಾನರು, "ಮಳಿಗಾಲದಾಗ ಬರಬೇಕಿತ್ರಿ, ಆಗ ನೋಡ್ರಿ ಮಂಜು" ಎಂದು ಸಮಾಧಾನದ ಮಾತು ಆಡಿದರು. (ಯಾವ ಪ್ರಸಿದ್ಧ ಜಾಗಕ್ಕೆ ಯಾವಾಗ ಹೋದರೂ ಈ ಮಾತು ಕೇಳಿಸುತ್ತದೆ. ಮಡಿಕೇರಿಗೆ ಬೇಸಿಗೆಯಲ್ಲಿ ಹೋದೆ, ಮಳೆಗಾಲದಲ್ಲಿ ಬರಬೇಕಿತ್ತು ಎಂದರು. ಜೋಗಕ್ಕೆ ಮಳೆಗಾಲದಲ್ಲಿ ಹೋದೆ, ಮಂಜಿನಲ್ಲಿ ಏನೂ ಕಾಣಲಿಲ್ಲ, ಮಳೆ ನಿಂತ ಮೇಲೆ ಬರಬೇಕಿತ್ತು ಎಂದರು.)

ಮಾತಿಗೆ ಇಳಿದವನು ಹುಡುಗ. ಅವನಿಗೆ ಕೋಪ ಬಂದಿತ್ತು. "ನೀವು ಗಾಡಿಯಾಗ ಹೋದ್ರಿ, ಗಾಡಿಯಾಗ ಬಂದ್ರಿ. ಅದು ಪನ್ಹಾಳ ಅಲ್ರಿ" ಎಂದ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ತರುಣರ ತಂಡಗಳು ಪನ್ಹಾಳದಿಂದ ಪಾವನಖಿಂಡಿಯವರೆಗೆ ನಡೆದು ಹೋಗುತ್ತವೆ. ಐವತ್ತು ಕಿಲೋಮೀಟರಿಗೂ ಮೇಲೆ, ಮಳೆಯಲ್ಲಿ, ಕಾಡಿನ ಕೆಸರಿನಲ್ಲಿ, ಜಿಗಣೆ ಕಚ್ಚಿಸಿಕೊಂಡು. ಕಳೆದ ಎರಡು ವರ್ಷ ಅವನೂ ಹೋಗಿದ್ದನಂತೆ. ರಾತ್ರಿ ಹಳ್ಳಿಯ ಶಾಲೆಯಲ್ಲಿ ಮಲಗಿದ್ದು, ದಾರಿಯ ವಾಡಿಗಳ ಜನ ಚಹಾ ಕೊಟ್ಟದ್ದು, ಕಣಿವೆ ಬಂದಾಗ ದೊಡ್ಡ ದೊಡ್ಡ ಹುಡುಗರು ಅತ್ತದ್ದು, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕೋಪ ಇಳಿಯಿತು.

ನಾನು ಅವನ ಪ್ರೀತಿಯನ್ನು ನಂಬುತ್ತೇನೆ. ಆದರೆ ಅವನು ಪ್ರೀತಿಸುವ ಪನ್ಹಾಳ ಆ ನಡಿಗೆಯಲ್ಲಿದೆ, ಕೋಟೆಯ ಮೇಲಿನ ವಾಹನ ನಿಲ್ದಾಣದಲ್ಲಿಲ್ಲ. ಕಥೆ ಬಲ್ಲವನಿಗೆ ಕಲ್ಲು ಮಾತಾಡುತ್ತದೆ ಎಂಬುದು ನಿಜ. ಆ ಕಥೆ ಕೇಳಿ ನನಗೂ ಕಣ್ಣು ಒದ್ದೆಯಾಗಿತ್ತಲ್ಲ. ಆದರೆ ತೀನ್ ದರವಾಜಾದ ಮುಂದೆ ಸರದಿಯಲ್ಲಿ ನಿಂತವರೂ ಅದೇ ಪಾಠ ಓದಿ ಬಂದವರೇ. ಗೋಡೆ ಗೀಚಿದ ಕೈಯೂ ಒಂದು ಕಾಲಕ್ಕೆ ಪಾವನಖಿಂಡಿಯ ಪಾಠಕ್ಕೆ ಉತ್ತರ ಬರೆದ ಕೈಯೇ ಇರಬೇಕು. ಹುಡುಗನಿಗೆ ಇದನ್ನು ಹೇಳಿದೆ. ಅವನು ಸುಮ್ಮನಾದ, ಆಮೇಲೆ, "ಬಾಟ್ಲಿ ನಮ್ಮ ಗ್ರೂಪಿನವ್ರೂ ಒಗೀತಾರ್ರಿ" ಎಂದು ಮೆಲ್ಲಗೆ ಹೇಳಿದ.

ಆ ಸಂಜೆ ಕೊನೆಗೂ ದೂಧಗಂಗೆಯ ದಂಡೆಗೆ ಹೋದೆವು. ನೋಡಲು ಅಂಥದ್ದೇನೂ ಇಲ್ಲ. ಕಬ್ಬು, ಎಮ್ಮೆ ತೊಳೆಯುವವರು, ಪಂಪ್‌ಸೆಟ್ಟಿನ ಸದ್ದು, ಆಚೆ ದಂಡೆಯಲ್ಲಿ ಬಟ್ಟೆ ಒಗೆದು ಹರವುತ್ತಿದ್ದ ಹೆಂಗಸರು. ಯಾರೂ ಯಾರ ಫೋಟೊವನ್ನೂ ತೆಗೆಯುತ್ತಿರಲಿಲ್ಲ. ಅಜ್ಜಿ ನೀರಿಗೆ ಕಾಲು ಇಳಿಬಿಟ್ಟು ಕುಳಿತರು. ಈ ನದಿಗೆ ಹಳ್ಳಿಯವರು ಕೊಳಕು ಸುರಿಯುವುದಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಒಂದು ಹಳೆಯ ಸೀಮೆಂಟ್ ಚೀಲ ನನ್ನ ಕಣ್ಣ ಮುಂದೆಯೇ ಹರಿದು ಹೋಯಿತು. ಆದರೆ ಈ ನೀರಿಗಾಗಿ ನಾಳೆ ಮಾತು ಬೆಳೆಯುತ್ತದೆ ಎಂದು ಗೊತ್ತಿರುವ ಜನ ಅದರ ದಂಡೆಯಲ್ಲಿ ಕೂರುವ ರೀತಿಯೇ ಬೇರೆ.

ಇನ್ನು, ಆ ಕಡೆ ಹೋಗುವ ನಮ್ಮ ಕುಟುಂಬಗಳಿಗೆ ಎರಡು ಮಾತು. ಪನ್ಹಾಳಕ್ಕೆ ಹೋಗುವುದಾದರೆ ವಾರದ ನಡುವಿನ ದಿನ, ಬೆಳಿಗ್ಗೆ ಬೇಗ, ಕೊಲ್ಲಾಪುರದಿಂದ ಬಸ್ಸಿನಲ್ಲಿ ಹೋಗಿ. ಮೊದಲು ಅಂಬರಖಾನೆ ನೋಡಿ. ಮಕ್ಕಳಿಗೆ ಕಥೆಯನ್ನು ಮನೆಯಲ್ಲೇ ಹೇಳಿ ಕರೆದೊಯ್ಯಿರಿ, ಅಲ್ಲಿ ಹೇಳಲು ಕಿವಿ ಕೇಳಿಸುವುದಿಲ್ಲ. ಲಾಡ್ಜಿನ ಊಟ ಬೇಡ, ಮರದ ಕೆಳಗಿನ ಒಲೆಯ ಭಾಕ್ರಿ ಸಾಕು.

ಶಿಲಾಹಾರರನ್ನು ಹುಡುಕಿಕೊಂಡು ಹೋಗುವವರು ಒಂದು ದಿನ ಹೆಚ್ಚು ಉಳಿದು, ಇಚಲಕರಂಜಿಯ ಆಚೆ ಕೃಷ್ಣಾ ದಂಡೆಯ ಖಿದ್ರಾಪುರಕ್ಕೆ ಹೋಗಿ ಬನ್ನಿ. ಅಲ್ಲಿಯ ಕೋಪೇಶ್ವರ ದೇವಾಲಯ 12ನೆಯ ಶತಮಾನದ್ದು. ಮುಂದಿನ ಸ್ವರ್ಗಮಂಟಪಕ್ಕೆ ನಡುವೆ ಛಾವಣಿಯೇ ಇಲ್ಲ; 48 ಕಂಬಗಳ ನಡುವೆ ದುಂಡಗೆ ಆಕಾಶ ಕಾಣುತ್ತದೆ. ಈಶ್ವರನ ಗುಡಿಯಾದರೂ ಎದುರಿಗೆ ನಂದಿಯಿಲ್ಲ. ನಂದಿ ನದಿಯಾಚೆ ನಮ್ಮ ಯಡೂರಿನಲ್ಲಿದೆ ಎಂದು ಊರವರು ಹೇಳುತ್ತಾರೆ. ಗೋಡೆ ಕಂಬಗಳ ಮೇಲಿನ ಶಾಸನಗಳಲ್ಲಿ ಯಾದವ ಸಿಂಘಣನ ಒಂದು ಸಂಸ್ಕೃತ ಶಾಸನ ಬಿಟ್ಟರೆ ಉಳಿದವು ಕನ್ನಡದಲ್ಲಿವೆ. ನಾನು ಮರುದಿನ ಹೋದಾಗ ಒಳಗೆ ಏಳೆಂಟು ಜನರಿದ್ದರು. ಹುಡುಗ ಜೊತೆಗೆ ಬಂದಿದ್ದ. ಒಂದು ಕಂಬದ ಬಳಿ ಹಳಗನ್ನಡದ ಅಕ್ಷರಗಳನ್ನು ಬೆರಳಿನಿಂದ ತೋರಿಸುತ್ತಾ ಅವನ ಅಜ್ಜಿ ಕಲಿಸಿದ್ದ ವರ್ಣಮಾಲೆಯೊಂದಿಗೆ ಹೋಲಿಸಿ ನೋಡುತ್ತಿದ್ದ. "ಇದು 'ರ' ಏನ್ರಿ?" ಎಂದು ಕೇಳಿದ. ಹೌದು, 'ರ'.